ಅತ್ತೆಯ ಮೊಣಕೈ ಅಳತೆ

ನಮ್ಮ ಅತ್ತೆ ಅಂಬಕ್ಕ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾಗುತ್ತಿತ್ತು. ವಡಾಲದ ಆ ಬಿಲ್ಡಿಂಗಿನಲ್ಲಿ ಅವರು ತಲೆ ಬಗ್ಗಿಸಿದ್ದು ಬಾಗಿಲಿಗೆ ಮಾತ್ರ. ಅಂಥವರು ಮಗನಿಗೆಂದು ಧಾರವಾಡದಿಂದ ಆರಿಸಿ ತಂದದ್ದು ತಮ್ಮ ಭುಜಕ್ಕೂ ಬಾರದ ನನ್ನನ್ನು. ಮೊದಲ ದಿನವೇ "ಗಿಡ್ಡಿ" ಎಂದರು. ಆಮೇಲೆ ಅದೇ ನನ್ನ ಹೆಸರಾಯಿತು. ಮೆಟ್ಟಿಲ ಹತ್ತಿರ ಬೇರೆ ಯಾರಾದರೂ ಹಾಗೆ ಕರೆದರೆ ಮಾತ್ರ ಜಗಳಕ್ಕೇ ನಿಲ್ಲುತ್ತಿದ್ದರು. ಆ ಹಕ್ಕು ತಮ್ಮೊಬ್ಬರದು ಎಂದು ತಿಳಿದಿದ್ದರು.

ಐವತ್ತರ ದಶಕದ ಮೊದಲಲ್ಲಿ ನಮ್ಮ ಬಚ್ಚಲಿಗೆ ಮುಖ ತೊಳೆಯುವ ಪಿಂಗಾಣಿ ಬೇಸಿನ್ ಬಂತು. ವಿಜಾಪುರದ ಕಡೆಯ ಮೇಸ್ತ್ರಿ ಅದನ್ನು ಕಡಪ ಕಲ್ಲಿನ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದ. ಅಂಚು ಕಲ್ಲಿನ ಮೇಲೆ ಕೂರಬೇಕಲ್ಲ, ಅದಕ್ಕೆ ಗೆರೆಯಿಂದ ಒಂದು ಬೆರಳು ಒಳಗೆ ಕೊರೆದ. ಗೋಡೆಗೆ ಕಲ್ಲು ಕೂರಿಸುವ ಮುಂಚೆ ತನ್ನ ಪದ್ಧತಿಯಂತೆ ಕೇಳಿದ.

"ಬಾಯಾರ, ಎತ್ತರಕ್ಕ ಯಾರ ಮೊಣಕೈ ಅಳತಿ ಹಿಡೀಲಿ? ಸಣ್ಣ ಬಾಯಾರದು ಹಿಡದ್ರ ಇಬ್ಬರಿಗೂ ಎಟಕತದ."

"ನಂದ ಹಿಡಿ. ಗಿಡ್ಡಿ ಸ್ಟೂಲ ಹತ್ತತಾಳ."

ಹತ್ತಿದೆ. ಒಂದು ಮುಂಜಾನೆ ಒದ್ದೆ ಸ್ಟೂಲು ಜಾರಿ, ಬೇಸಿನ್ನಿನ ಅಂಚಿಗೆ ಬಾಯಿ ಬಡಿದು, ನನ್ನ ಮುಂದಿನ ಹಲ್ಲು ಮುರಿಯಿತು. ಅತ್ತೆ ಓಡಿ ಬಂದರು. ನನ್ನನ್ನು ದಾಟಿ ಹೋಗಿ ಬೇಸಿನ್ನಿನ ಸುತ್ತ ಬೆರಳಾಡಿಸಿದರು.

"ಸದ್ಯ, ಸೀಳಿಲ್ಲ," ಎಂದರು.

ನಾನು ಸೆರಗಿನಲ್ಲಿ ರಕ್ತ ಹಿಡಿದು ಕೂತಿದ್ದೆ. ಆವತ್ತು ಅವರನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಐದಾರು ವರ್ಷ ಕಳೆದ ಮೇಲೆ ಅತ್ತೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಹಾಸಿಗೆಯಿಂದ ಎದ್ದಾಗ ಅರ್ಧಕ್ಕರ್ಧ ಬಾಗಿದ್ದರು. ಬೇಸಿನ್ ಈಗ ಅವರ ಹಣೆಯ ಮಟ್ಟಕ್ಕಿತ್ತು. ನಲ್ಲಿಯತ್ತ ಕೈ ಚಾಚುವರು, ಬೆರಳ ತುದಿ ಒದ್ದೆಯಾಗುವುದು, ಅಷ್ಟನ್ನೇ ಕಣ್ಣಿಗೆ ಒರೆಸಿಕೊಳ್ಳುವರು.

"ಮೇಸ್ತ್ರಿನ್ನ ಕರಸ. ಒಂದೀಟು ಕೆಳಗ ಇಳಸಲಿ," ಎಂದರು ಒಂದು ದಿನ.

"ಕಲ್ಲು ಕೀಳೂ ಮುಂದ ಬೇಸಿನ್ ಸೀಳಿದ್ರ ಏನ್ ಮಾಡೋದ್ರಿ ಅತ್ತಿ? ಸ್ಟೂಲ ತರ್ಲಿ?"

ಸ್ಟೂಲು ತಂದೂ ಇಟ್ಟೆ. ಗೇಣೆತ್ತರ ಕಾಲೆತ್ತಲಾಗದವರ ಮುಂದೆ ಇಟ್ಟೆ. ಖುಷಿಯಾಯಿತು, ಸುಳ್ಳು ಏಕೆ ಹೇಳಲಿ? ಮೇಸ್ತ್ರಿಯನ್ನು ಕರೆಸು ಎಂದು ನಮ್ಮವರು ಎರಡು ಸಲ ಹೇಳಿದರು. ಎರಡು ಸಲವೂ ಮೇಸ್ತ್ರಿ ಊರಲ್ಲಿಲ್ಲ ಎಂದೆ.

ಅತ್ತೆ ತೀರಿಹೋಗುವ ಹಿಂದಿನ ದಿನ ಅವರ ಹಾಸಿಗೆಗೆ ತಂಬಿಗೆಯಲ್ಲಿ ನೀರು ಒಯ್ದು ನಾನೇ ಮುಖ ಒರೆಸಿದೆ. ನನ್ನ ಮುರಿದ ಹಲ್ಲನ್ನೇ ನೋಡುತ್ತಿದ್ದರು.

"ನನ್ನ ಕೈಯಾಗ ಚಲೋ ಕಲ್ತಿ," ಎಂದರು. ಆಮೇಲೆ, ಮೊದಲ ಸಲ, ನನ್ನ ಹೆಸರು ಹಿಡಿದು ಕರೆದರು. "ಸುಮಿತ್ರಾ, ನೀರು ಥಂಡಿ ಅದ."

ಬಿಸಿನೀರು ತರಲು ಏಳಬಹುದಿತ್ತು. ನಾನು ಏಳಲಿಲ್ಲ.