ಎಂಟನೆಯ ತಿಂಗಳು

ಅಕ್ಕನನ್ನು ಕೊಟ್ಟದ್ದು ಹೈದರಾಬಾದ್ ಸಂಸ್ಥಾನದ ಗಡಿಯೊಳಗಿನ ಒಂದು ಹಳ್ಳಿಗೆ. ಬೈಲಹೊಂಗಲದ ನಮ್ಮ ಮನೆಯಿಂದ ಸವದತ್ತಿ, ರಾಮದುರ್ಗದವರೆಗೆ ಮೋಟಾರು, ಮುಂದೆ ಚಕ್ಕಡಿ. ಆ ಮಳೆಗಾಲದಲ್ಲಿ ಆಕೆ ಚೊಚ್ಚಲ ಬಸುರಿ. ನಮ್ಮಲ್ಲಿ ಮಗಳನ್ನು ಹೆರಿಗೆಗೆ ಏಳರಲ್ಲಿ ಕರೆತರಬೇಕು, ಇಲ್ಲವೇ ಒಂಬತ್ತರಲ್ಲಿ. ಎಂಟನೆಯ ತಿಂಗಳಲ್ಲಿ ಬಸುರಿ ಸೀಮೆ ದಾಟುವಂತಿಲ್ಲ.

ದೇಶ ಸ್ವತಂತ್ರವಾಗಿ ವರ್ಷ ತುಂಬುತ್ತಿತ್ತು. ಆ ಸಂಸ್ಥಾನ ಮಾತ್ರ ಒಕ್ಕೂಟ ಸೇರಲೊಲ್ಲದೆ, ಸದ್ಯಕ್ಕೆ ಎಲ್ಲ ಇದ್ದಂತೆಯೇ ಇರಲೆಂದು ದಿಲ್ಲಿಯೊಡನೆ ಕರಾರು ಮಾಡಿಕೊಂಡು, ಒಳಗೊಳಗೇ ಹೊರದೇಶದಿಂದ ವಿಮಾನದಲ್ಲಿ ಶಸ್ತ್ರ ತರಿಸುತ್ತಿತ್ತು. ಅದರ ಆಸರೆಯಲ್ಲಿ ಬೆಳೆದ ತಂಡಗಳು ಗಡಿಯ ಹಳ್ಳಿಗಳನ್ನು ಸುಲಿಯುತ್ತಿದ್ದವು. ದಿಲ್ಲಿ ಇನ್ನೂ ಮಾತಾಡುತ್ತಲೇ ಇತ್ತು.

ಅಕ್ಕನಿಗೆ ಏಳು ಹಿಡಿದಾಗ ನೇಸರಗಿಯಿಂದ ಸೋದರಮಾವ ಬಂದರು. ಧಾರವಾಡದ ಕಾಲೇಜಿನಿಂದ ನಾನೂ ಊರಿಗೆ ಬಂದಿದ್ದೆ. ಸೈನ್ಯ ನುಗ್ಗದೆ ಇದು ಬಗೆಹರಿಯದು ಎಂಬುದು ಮಾವನ ವಾದ.

"ಭಾವ, ಮಾತು ನಡದಷ್ಟು ದಿನ ಅವರಿಗೆ ಬಂದೂಕು ಬರ್ತಾವ. ದಿಲ್ಲಿಯವರು ಕಾಯಲಿ, ಹುಡುಗಿನ್ನ ಕರಕೊಂಡು ಬರಲಿಕ್ಕೆ ನೀವ್ಯಾಕ ಕಾಯ್ತೀರಿ? ಪಂಚಾಂಗದಾಗ ರಾಹುಕಾಲ ನೋಡೋರು, ಗಡಿಯಾಗ ಕೂತ ರಾಹುನ್ನ ನೋಡವಲ್ರಿ."

ಊರಿಗೆಲ್ಲ ಪಂಚಾಂಗ ಹೇಳುತ್ತಿದ್ದ ತಂದೆಗೆ ಕಾಗದದ ಮೇಲೆ ಬರೆದದ್ದರಲ್ಲಿ ಬಲವಾದ ನಂಬಿಕೆ.

"ಕರಾರು ಅದ. ಇವತ್ತಲ್ಲ ನಾಳೆ ಒಪ್ಪತಾರ. ಹಾದಿ ತೆರೀಲಿ. ಬಸುರಿನ್ನ ಬಂದೂಕಿನ ನಡುವ ಹಾಯಿಸಿಕೊಂಡು ಬರಲಿಕ್ಕೆ ನನಗ ಧೈರ್ಯ ಇಲ್ಲ."

ಮಾತುಕತೆ ಮುರಿಯಿತೆಂಬ ಸುದ್ದಿ ಬರುವಷ್ಟರಲ್ಲಿ ಎಂಟನೆಯ ತಿಂಗಳು ಕಾಲಿಟ್ಟಿತ್ತು. ಅಂಜಿದ ತಂದೆ ಆಗ ಕಳಿಸಿಕೊಡಿರೆಂದು ಹೇಳಿಕಳಿಸಿದರು. ಎಂಟರಲ್ಲಿ ಸೊಸೆಯನ್ನು ಹೊಸ್ತಿಲು ದಾಟಿಸಿದ ಮನೆತನ ನಮ್ಮದಲ್ಲವೆಂದು ಬೀಗರು ಉತ್ತರ ಕೊಟ್ಟರು. ಅಮ್ಮನೂ ಅದನ್ನೇ ಸರಿಯೆಂದಳು.

ಆ ತಿಂಗಳಲ್ಲೇ ತಂಡ ಆ ಹಳ್ಳಿಗೆ ನುಗ್ಗಿತು. ಹೊಸ್ತಿಲು ದಾಟಬಾರದವಳು ಜೋಳದ ಹೊಲಕ್ಕೆ ಓಡಿದಳು. ಅಲ್ಲೇ ಹೆತ್ತಳು. ಮಗು ಅಳಲಿಲ್ಲ. ಅಕ್ಕ ಸಂಜೆಯವರೆಗೆ ಉಳಿದಳು. ಬೆಳೆಯ ನಡುವೆ ತೆವಳಿ ಬಂದು ಅವಳ ಬಳಿ ಕುಳಿತವಳು ಊರ ಸೂಲಗಿತ್ತಿ, ಒಬ್ಬ ಮುಸಲ್ಮಾನ ಮುದುಕಿ.

ಕೆಲವೇ ದಿನಗಳಲ್ಲಿ ಸೈನ್ಯ ಗಡಿ ದಾಟಿತು. ಸಂಸ್ಥಾನ ಶರಣಾಯಿತು. ಬೈಲಹೊಂಗಲದಲ್ಲಿ ಪೇಡೆ ಹಂಚಿದರು. ಹಾದಿ ತೆರೆದೊಡನೆ ಮಾವನೂ ನಾನೂ ಆ ಹಳ್ಳಿಗೆ ಹೋಗಿ, ಅಕ್ಕನ ಗಂಡನಿಂದ ಅವಳ ಸಾವಿನ ವಿವರ ಕೇಳಿ, ಸೂಲಗಿತ್ತಿಗೆ ಕೈಮುಗಿಯಲು ಅವಳ ಮನೆಗೆ ನಡೆದೆವು. ಮನೆ ಸುಟ್ಟುಹೋಗಿತ್ತು. ಸೈನ್ಯ ಮುಂದೆ ಸಾಗಿದ ಮೇಲೆ, ಯಾವ ತಂಡಕ್ಕೂ ಸೇರದ ಅವಳ ಮಗನನ್ನು ಊರವರೇ ಜಯಕಾರ ಹಾಕುತ್ತ ಎಳೆದೊಯ್ದು ಬಾವಿಗೆ ನೂಕಿದ್ದರು.

ಸುಟ್ಟ ಗೋಡೆಯ ಬದಿಗೆ ಕುಳಿತಿದ್ದ ಮುದುಕಿ ಮಾವನ ಮುಖ ನೋಡಿ ಕೇಳಿದಳು: "ನಿಮ್ಮ ಹುಡುಗಿ ಬಾಯಾಗ ನಾ ನೀರ ಬಿಟ್ಟೇನ್ರಿ. ನನ್ನ ಮಗನ ಬಾಯಾಗ ಯಾರ ಬಿಟ್ಟರು?"

ಸೈನ್ಯ ಬರಲೆಂದು ವರ್ಷವಿಡೀ ವಾದಿಸಿದ್ದ ಮಾವ ಅವಳ ಮುಂದೆ ನೆಲದ ಮೇಲೆ ಕುಳಿತರು.

ಮನೆಗೆ ಬಂದು ಎಲ್ಲವನ್ನೂ ಹೇಳಿ, ಏಳರಲ್ಲೇ ಏಕೆ ತರಲಿಲ್ಲವೆಂದು ತಂದೆಯನ್ನು ಅಮ್ಮನ ಎದುರಿಗೇ ಕೇಳಿದೆ. ಅವರು ಕರಾರಿನ ಮಾತೆತ್ತಲಿಲ್ಲ. "ಹೋಗಬೇಕಾಗಿತ್ತು. ಹೋಗಲಿಲ್ಲ. ತಪ್ಪು ನಂದೇ," ಎಂದರು.

ಶಸ್ತ್ರ ಬಂದಿಳಿಯುವುದನ್ನು ಬಲ್ಲವರಾಗಿಯೂ ದಿಲ್ಲಿಯಲ್ಲಿ ಕಾದವರು, ಆ ಅವಧಿಯಲ್ಲಿ ಸತ್ತವರ ಕುರಿತು ತಂದೆ ಹೇಳಿದಷ್ಟಾದರೂ ಹೇಳಲಿ. ಸೈನ್ಯ ಕಳಿಸಿದವರು, ಅದರ ಬೆನ್ನಿಗೇ ನಡೆದ ಕೊಲೆಗಳ ಕುರಿತು ಹೇಳಲಿ. ಯಾರೂ ಹೇಳಿಲ್ಲ. ಈಗ ಆ ಗಡಿಯೇ ಅಳಿಸಿಹೋಗಿ, ಆ ಹಳ್ಳಿಯೂ ಬೈಲಹೊಂಗಲವೂ ಒಂದೇ ರಾಜ್ಯಕ್ಕೆ ಸೇರಿವೆ. ಹೊಣೆ ಯಾರದೆಂದು ಹೊಸ ಸರಕಾರಕ್ಕೂ ಬರೆದು ಕೇಳಿದ್ದೇನೆ; ಇಬ್ಬರ ಬಗ್ಗೆಯೂ ಕೇಳಿದ್ದೇನೆ, ಜೋಳದ ಹೊಲದಲ್ಲಿ ಸತ್ತವಳ ಬಗ್ಗೆ, ಬಾವಿಯಲ್ಲಿ ಸತ್ತವನ ಬಗ್ಗೆ.