ಯಾವ ಮನೆಯ ಹೃದಯ

ಮಗಳು ಟೇಕಡಿ ಗುಡ್ಡದ ಮೇಲೆ ಬಿದ್ದದ್ದು ಬುಧವಾರ. ಗುರುವಾರವೂ ಇರಬಹುದು. ಆ ವಾರದ ದಿನಗಳನ್ನು ಆಮೇಲೆ ಎಷ್ಟು ಸಲ ಜೋಡಿಸಿ ನೋಡಿದ್ದೇನೆಂದರೆ, ಈಗ ಅವು ನಾನು ಜೋಡಿಸಿದಂತೆಯೇ ನೆನಪಾಗುತ್ತವೆ. ಖಚಿತವಾಗಿರುವುದು ಇಷ್ಟು: ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಓಡುವ ಇಪ್ಪತ್ತಮೂರರ ಹುಡುಗಿ ಓಡುತ್ತಿದ್ದಂತೆಯೇ ಕುಸಿದಳು. ಸ್ವಲ್ಪ ಹೊತ್ತು ಎಚ್ಚರವಿರಲಿಲ್ಲ. ವಾಕಿಂಗಿಗೆ ಬಂದಿದ್ದ ಹೆಂಗಸರು ಮುಖಕ್ಕೆ ನೀರು ಚಿಮುಕಿಸಿ, ಅವಳ ಫೋನಿನಿಂದಲೇ ನನ್ನನ್ನು ಕರೆದರು.

ವಾಕಡದ ನಮ್ಮ ಮನೆಯ ಹತ್ತಿರದ ದವಾಖಾನೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿದರು: "ಘರಾಣ್ಯಾತ ಕುಣಾಲಾ ಹಾರ್ಟಚಾ ತ್ರಾಸ?"

ಘರಾಣೆ ಎಂದರೆ ಮನೆತನ; ಅದರಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ ಎಂದು. ಮೂವತ್ತು ವರ್ಷ ಮರಾಠಿಯಲ್ಲಿ ವ್ಯವಹರಿಸಿದ ಮೇಲೂ ನಾನು ಆ ಮಾತನ್ನು ಕೇಳಿಸಿಕೊಂಡದ್ದು ಕನ್ನಡದಲ್ಲೇ. ಮನೆತನ ಎಂದ ಕೂಡಲೇ ನೆನಪಾದದ್ದು ಪಿತೃಪಕ್ಷದಲ್ಲಿ ಎಳ್ಳುನೀರು ಬಿಡುವಾಗ ಅಪ್ಪ ಹೇಳುವ ಮೂರು ಹೆಸರು. ಅಜ್ಜ ತೊಂಬತ್ತೊಂದಕ್ಕೆ ಹೋದರು, ಮುತ್ತಜ್ಜ ಎಂಬತ್ತು ದಾಟಿದ್ದರು, ಯಾರಿಗೂ ಏನೂ ಇರಲಿಲ್ಲ ಎಂದೆ. ತುಸು ಜಂಬದಿಂದಲೇ ಹೇಳಿದೆ. ಡಾಕ್ಟರು ಚೀಟಿಯಲ್ಲಿ ಒಂದು ಶಬ್ದ ಬರೆದರು. ಬಿಪಿ ನೋಡಿ, ಹಸಿದ ಹೊಟ್ಟೆಯಲ್ಲಿ ಓಡಬೇಡ, ನೀರು ಕುಡಿ ಎಂದು ಕಳಿಸಿದರು.

ಸಂಜೆ ಚಹಾದ ಹೊತ್ತಿಗೆ ಮಗಳು ಸೋಫಾದ ಮೇಲೆ ಕಾಲು ಚಾಚಿ ಫೋನು ನೋಡುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಅಪ್ಪ ಚಹಾಕ್ಕೆ ಬಿಸ್ಕಿಟ್ ಅದ್ದುತ್ತಿದ್ದರು. ಅವರಿಗೆ ಎಪ್ಪತ್ತೊಂಬತ್ತು.

"ಅಜ್ಜಾ, ಇಲ್ನೋಡು. ಒಂದು ಕೊಳವಿಯೊಳಗ ಉಗುಳಿ ಕಳಿಸಿದ್ರ ನಮ್ಮ ಪೂರ್ವಜರು ಎಲ್ಲಿಂದ ಬಂದಾರ ಅಂತ ಹೇಳ್ತಾರಂತ. ಈಗ ಆಫರ್ ಅದ. ಒಂದು ಜೋಡಿ ಶೂ ತಗೊಂಡಷ್ಟು ರೊಕ್ಕ, ಅಷ್ಟ."

"ರಸ್ತೆದಾಗ ಉಗುಳಿದ್ರ ಕಾರ್ಪೊರೇಶನ್‌ದವ್ರು ದಂಡ ತಗೋತಾರ. ಇವ್ರು ಮನ್ಯಾಗ ಕೂತು ಉಗುಳಿದ್ದಕ್ಕೂ ತಗೋತಾರೇನು? ನಮ್ಮ ಗೋತ್ರ ನನಗ ಪುಕ್ಕಟೆ ಗೊತ್ತದವಾ."

"ಯಾವ ಮನಿ ಗೋತ್ರ? ನೀ ದತ್ತಕ ಹೋದಾವ. ಉಗುಳಿಗೆ ಅದೆಲ್ಲ ತಿಳೀತದೇನು?"

ಅವಳು ನಕ್ಕಳು. ಅಪ್ಪನೂ ನಕ್ಕರು ಎಂದು ನೆನಪು, ನಗದೆಯೂ ಇದ್ದಿರಬಹುದು. ನಾನು ಅವರ ಮುಖ ನೋಡುತ್ತಿರಲಿಲ್ಲ. ಡಾಕ್ಟರಿಗೆ ನಾನು ಬೇರೆಯವರ ಹೃದಯದ ಲೆಕ್ಕ ಕೊಟ್ಟು ಬಂದಿದ್ದೆ.

ಆರು ವರ್ಷದವರಿದ್ದಾಗ ಅಪ್ಪನನ್ನು ಧಾರವಾಡದ ಹುಟ್ಟಿದ ಮನೆಯಿಂದ ಬೆಳಗಾವಿಯಲ್ಲಿದ್ದ, ಮಕ್ಕಳಿಲ್ಲದ ದೂರದ ಸಂಬಂಧಿಕರಿಗೆ ದತ್ತಕ ಕೊಟ್ಟಿದ್ದರು. ಹೋಮ ಮಾಡಿ ಹೆಸರನ್ನೂ ಬದಲಿಸಿದ್ದರು. ಇದು ಗುಟ್ಟೇನಲ್ಲ, ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಅದನ್ನು ನೆನೆಯುವುದಿಲ್ಲ. ದತ್ತಕ ಆದಮೇಲೆ ಆತ ಆ ಮನೆಯವನು, ಮುಗಿಯಿತು. ಹೀಗೊಂದು ವಿಚಾರ ಎಪ್ಪತ್ತು ವರ್ಷ ನಮ್ಮೆಲ್ಲರ ತಲೆಯಲ್ಲಿ ಎಷ್ಟು ಭದ್ರವಾಗಿ ಕೂತಿತ್ತೆಂದರೆ, ಮಗಳು ಪ್ರಜ್ಞೆ ತಪ್ಪಿ ಬಿದ್ದ ದಿನವೂ ನನಗೆ ಅದರಿಂದ ಹೊರಗೆ ಬರಲಾಗಿರಲಿಲ್ಲ.

ಮಗಳು ಸ್ನಾನಕ್ಕೆ ಹೋದಾಗ ಅಪ್ಪನನ್ನು ಕೇಳಿದೆ: "ಅಪ್ಪಾ, ನಿಮ್ಮನ್ನ ಹೆತ್ತವ್ರು ಹೆಂಗ ಹೋದ್ರು?"

"ಯಾರು?"

"ಧಾರವಾಡದವ್ರು."

"ಅವ್ರು ನನಗ ಏನೂ ಆಗಬೇಕಿಲ್ಲ."

ಆ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಶಾಲೆಯ ಹುಡುಗ ಮಗ್ಗಿ ಒಪ್ಪಿಸುವಂತೆ ಹೇಳಿದರು. ಅದು ಅವರ ಮಾತಲ್ಲ, ಅವರಿಗೆ ಕಲಿಸಿದ ಮಾತು ಎಂದು ನನಗೆ ಆಗ ಹೊಳೆಯಿತು. ಬೆಳಗಾವಿಯ ಮನೆಗಾಗಿ ದಾಯಾದಿಗಳು ಕೋರ್ಟಿಗೆ ಹೋಗಿದ್ದರು. ದತ್ತಕವೇ ಸರಿಯಾಗಿಲ್ಲ, ಹುಡುಗ ಇನ್ನೂ ಹುಟ್ಟಿದ ಮನೆಗೇ ಸೇರಿದವನು ಎಂಬುದು ಅವರ ವಾದ. ಹಾಗಾಗಿ ಧಾರವಾಡದಲ್ಲಿ ಹೆತ್ತ ತಂದೆ ತೀರಿಕೊಂಡಾಗ ಹನ್ನೊಂದು ವರ್ಷದ ಅಪ್ಪನನ್ನು ಯಾರೂ ಕಳಿಸಲಿಲ್ಲ. ಹೋಗಿ ನಿಂತರೆ, ಅತ್ತರೆ, ಎದುರಿನ ವಕೀಲನಿಗೆ ಅದೇ ಸಾಕಾಗುತ್ತಿತ್ತು. ಖಟ್ಲೆ ಗೆದ್ದರು. ಆ ಮನೆ ಮಾರಿದ ಹಣದಲ್ಲೇ ವಾಕಡದ ಈ ಫ್ಲ್ಯಾಟು ಬಂದದ್ದು. ಇಷ್ಟೆಲ್ಲ ನನಗೆ ಅಮ್ಮ ಹೇಳಿದ್ದು. ಅಮ್ಮನೂ ಈಗಿಲ್ಲ. ಆಕೆ ಹೇಳಿದ್ದರಲ್ಲಿ ನಾನು ಸೇರಿಸಿದ್ದೆಷ್ಟೋ ತಿಳಿಯದು.

"ಈಗ ಯಾವ ಕೋರ್ಟೂ ಇಲ್ಲಪ್ಪಾ," ಎಂದೆ. "ಆಕಿ ಶನಿವಾರ ಆಫೀಸಿನವ್ರ ಜೋಡಿ ಲೋಣಾವಳಾಕ್ಕ ಹೊಂಟಾಳ, ಗುಡ್ಡ ಹತ್ತಲಿಕ್ಕೆ. ಕಳಸ್ಲೋ ಬ್ಯಾಡೋ, ಅಷ್ಟು ಹೇಳ್ರಿ."

ಅಪ್ಪ ಬಚ್ಚಲಿನ ಬಾಗಿಲ ಕಡೆ ನೋಡಿದರು. ಒಳಗೆ ನೀರು ಬೀಳುವ ಸದ್ದು ನಿಂತಿತ್ತು. ಮಗಳ ಸದ್ದೂ ಇರಲಿಲ್ಲ. ಆ ನಾಲ್ಕೈದು ಕ್ಷಣ ನಾವಿಬ್ಬರೂ ಏನು ಯೋಚಿಸಿದೆವೆಂದು ಒಬ್ಬರಿಗೊಬ್ಬರು ಇವತ್ತಿಗೂ ಹೇಳಿಕೊಂಡಿಲ್ಲ. ಆಮೇಲೆ ಮಗ್ಗು ಬಕೆಟ್ಟಿಗೆ ತಾಗಿದ ಸದ್ದಾಯಿತು.

"ಕಳಸಬ್ಯಾಡ," ಎಂದರು ಅಪ್ಪ.

ಮರುದಿನ ಮೂವರೂ ದೊಡ್ಡ ಆಸ್ಪತ್ರೆಗೆ ಹೋದೆವು. ಹೃದಯದ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರೂ ಅದನ್ನೇ ಕೇಳಿದರು, ಅದೇ ಘರಾಣೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಾಗಿ ಮರಾಠಿಯಲ್ಲಿ ಹೇಳಿದರು: "ಮಾಝೇ ವಡೀಲ." ನನ್ನ ತಂದೆ. ಕೊಡ ಹೆಗಲಿಗೇರಿಸುವಾಗ ಬಿದ್ದರು, ಏಳಲಿಲ್ಲ. ಮೂವತ್ತನಾಲ್ಕು. ಅವರ ತಮ್ಮನೂ ಹಾಗೆಯೇ, ಇನ್ನೂ ಸಣ್ಣ ವಯಸ್ಸಿನಲ್ಲಿ. ಯಾರು ಯಾವಾಗ ಅವರಿಗೆ ಇದನ್ನೆಲ್ಲ ತಿಳಿಸಿದರೋ, ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ. ಕನ್ನಡದಲ್ಲಾದರೆ ಅವರಿಗೆ ಆ ಮಾತು ಬರುತ್ತಿತ್ತೇ? ಅದೂ ಗೊತ್ತಿಲ್ಲ.

ಸ್ಕ್ಯಾನಿಗೆ ಮಗಳನ್ನು ಮೊದಲು ಒಳಗೆ ಕರೆದರು. ನಲವತ್ತು ನಿಮಿಷ ಎಂದು ನನ್ನ ನೆನಪು; ಹತ್ತು ಎಂದು ಅವಳು ಹೇಳುತ್ತಾಳೆ. ಡಾಕ್ಟರು ಕಾಗದದ ಮೇಲೆ ಹೃದಯ ಬರೆದು ಒಂದು ಗೋಡೆಯನ್ನು ಪೆನ್ನಿನಿಂದ ಎರಡು ಸಲ ತಿದ್ದಿದರು. ಇಲ್ಲಿ ದಪ್ಪ ಇದೆ, ರಕ್ತದಲ್ಲಿ ಇಳಿದು ಬರುವಂಥದ್ದು. ಓಟ, ಗುಡ್ಡ ಹತ್ತುವುದು ಸದ್ಯಕ್ಕೆ ಬಂದ್, ಗುಳಿಗೆ ಶುರು, ಇನ್ನೂ ಪರೀಕ್ಷೆಗಳಿವೆ. ಹೇಳಿದ್ದು ಒಳ್ಳೆಯದಾಯಿತು, ಎಂದರು ಅಪ್ಪನ ಕಡೆ ತಿರುಗಿ. ಮತ್ತೆ ನನಗೆ: "ಆತಾ ತುಮ್ಹೀ." ಈಗ ನೀವು.

ಅದು ನನ್ನ ಮೂಲಕವೇ ಅವಳಿಗೆ ಹೋಗಿರಬೇಕೆಂಬುದು ಆಗಲೂ ನನಗೆ ಅರ್ಥವಾಗಿರಲಿಲ್ಲ. ಅಂಗಿ ಬಿಚ್ಚುವಾಗ ಅರ್ಥವಾಯಿತು.

ಎಡ ಮಗ್ಗುಲಿಗೆ ಮಲಗಿಸಿದರು. ಎದೆಗೆ ತಣ್ಣನೆಯ ಜೆಲ್ ಹಚ್ಚಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಮಗಳು ಕೇಳುತ್ತಿದ್ದಳು.

"ಅಜ್ಜಾ, ಅವ್ರು ನೋಡ್ಲಿಕ್ಕೆ ಹೆಂಗಿದ್ರು?"

"ಮಾರಿ ನೆನಪಿಲ್ಲವಾ. ಕೈ ನೆನಪದ. ಬಸ್ಸಿನ್ಯಾಗ ಕೂಡ್ರಿಸಿ, ಖಿಡಕ್ಯಾಗಿಂದ ಕೈ ಹಿಡಕೊಂಡ ನಿಂತಿದ್ರು. ಬಸ್ ಬಿಡೋತನಕಾ."

"ನೀ ಅತ್ತೇನು?"

ಪರದೆಯ ಮೇಲೆ ಬೂದು ಬಣ್ಣದ ಒಂದು ಬಾಯಿ ತೆರೆದು ಮುಚ್ಚುತ್ತಿತ್ತು. ಟೆಕ್ನಿಶಿಯನ್ ಹುಡುಗಿ ಅದರ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟಳು, ಎದುರಿಗೆ ಇನ್ನೊಂದು. ಎರಡರ ನಡುವೆ ಗೆರೆ ಎಳೆದು ನನಗೆ ಉಸಿರು ಹಿಡಿಯಿರಿ ಎಂದಳು. ಹಿಡಿದೆ. ಅವಳು ಮತ್ತೊಮ್ಮೆ ಅಳೆದಳು. ಬಿಡಿ ಎಂದು ಹೇಳಲಿ ಎಂದು ಅವಳ ಬಾಯಿಯನ್ನೇ ನೋಡುತ್ತಿದ್ದೆ.