ಮೊಲದ ಬಾಯಿ, ಅವ್ವನ ಬೆರಳು

ಬೀಜ ತೆಗೆಸಿಕೊಂಡು ಬಂದ ನಮ್ಮ ಗಂಡು ಮೊಲ ಮರುದಿನವೂ ಹುಲ್ಲು ಮುಟ್ಟಲಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಂತು ಸಾಯುತ್ತದೆ, ಸಿರಿಂಜಿನಲ್ಲಿ ಗಂಜಿ ಕುಡಿಸಿ ಎಂದು ಜರ್ಮನಿಯ ನಮ್ಮೂರು ಎಷ್‌ಬಾರ್ನಿನ ಪ್ರಾಣಿಗಳ ಡಾಕ್ಟರು ಹೆದರಿಸಿದ್ದರು. ನಾನು ಟವೆಲಿನಲ್ಲಿ ಸುತ್ತಿ ಹಿಡಿದರೆ ಅದು ಒದ್ದು ನನ್ನ ಮುಂಗೈ ಸೀಳಿತು. ಸಿಟ್ಟು ನೆತ್ತಿಗೇರಿ ಸಿರಿಂಜನ್ನು ಗೋಡೆಗೆ ಎಸೆದೆ.

“ಸರಿ ಅತ್ಲಾಗ,” ಎಂದಳು ಧಾರವಾಡದಿಂದ ಬಂದಿದ್ದ ಅವ್ವ. ಸಿರಿಂಜು ಎತ್ತಿಕೊಂಡು, ಕೂಸಿಗೆ ಔಷಧ ಕುಡಿಸುವವಳಂತೆ ನೆಲದ ಮೇಲೆ ಕಾಲು ಚಾಚಿ ಕೂತಳು. ಮೊಲವನ್ನು ತೊಡೆಗಳ ನಡುವೆ ಅದುಮಿ, ಅದರ ಬಾಯಿಗೆ ಹೆಬ್ಬೆರಳು ತುರುಕಿದಳು. ಅದು ಕಚಕ್ಕನೆ ಕಚ್ಚಿತು. ಬಿಳಿ ತುಪ್ಪಳದ ಮೇಲೆ ರಕ್ತ ಹನಿಯಿತು, ಅವ್ವ ಬಿಡಲಿಲ್ಲ. ನನ್ನ ಮಗಳು ಜರ್ಮನ್‌ನಲ್ಲಿ ಕಿರುಚುತ್ತ ಅಜ್ಜಿಯ ಬೆನ್ನಿಗೆ ಗುದ್ದಿದಳು. ಗಂಜಿಯೆಲ್ಲ ಒಳಗೆ ಹೋದ ಮೇಲೆಯೇ ಅವ್ವನ ಹಿಡಿತ ಸಡಿಲಾಯಿತು.

“ಅಪ್ಪಾ, ಅಜ್ಜಿ ನಿನಗೂ ಹಿಂಗ ಮಾಡತಿದ್ಳಾ?” ಮಗಳು ಬಿಕ್ಕುತ್ತ ಕೇಳಿದಳು.

“ಹೂಂ. ಆದರ ನಾ ಕಚ್ಚತಿದ್ದಿಲ್ಲ.”

ಅವ್ವ ಸೆರಗಿನಿಂದ ರಕ್ತ ಒರೆಸಿ, ಹೆಬ್ಬೆರಳನ್ನು ಮೊಮ್ಮಗಳ ಮುಂದೆ ಹಿಡಿದಳು. ಹಸಿ ಗಾಯದ ಕೆಳಗೆ ಹಲ್ಲಿನ ಹಳೆಯ ಗುರುತೊಂದು ಬೆಳ್ಳಗೆ ಕಾಣುತ್ತಿತ್ತು.

“ಮ್ಯಾಲಿಂದು ಮೊಲದ್ದು,” ಎಂದಳು. “ಕೆಳಗಿಂದು ನಿಮ್ಮಪ್ಪಂದು.”